ಎರಡು ಬೆರಳು ಹಸಿರು

ನಿಲ್ಲಿಸು ಇಮೋಜೆನ್, ಆ ತಳ್ಳುಗಾಡಿ ಅಲ್ಲೇ ಇರಲಿ.
ಕುದುರೆಲದ್ದಿ ಗುಲಾಬಿಗೆ ಸರಿ,
ಕುಂಬಳಕ್ಕೂ ಸರಿ. ಲ್ಯಾವೆಂಡರ್‌ಗೆ ಅಲ್ಲ.
ಹೊಟ್ಟೆ ತುಂಬಿದರೆ ಅದಕ್ಕೆ ಮೈಗಳ್ಳತನ;
ಎಲೆ ಬೆಳೆಸಿಕೊಂಡು ಮಲಗಿಬಿಡುತ್ತದೆ,
ಹೂವಿನ ಮಾತೇ ಎತ್ತುವುದಿಲ್ಲ.

ಈ ಸಫೋಕ್ ಜೇಡಿ ನಿನಗಿನ್ನೂ ಗೊತ್ತಿಲ್ಲ.
ಚಳಿಗಾಲದಲ್ಲಿ ಬೂಟು ಕಚ್ಚಿದರೆ ಬಿಡದು,
ಬೇಸಿಗೆಯಲ್ಲಿ ಹೆಂಚು.
ಮೊದಲ ವರ್ಷ ಮೂರು ಸಸಿ ಕೊಂದೆ ನಾನು, ಪ್ರೀತಿಯಿಂದಲೇ,
ದಿನಾ ಸಂಜೆ ಒಂದೊಂದು ಕ್ಯಾನ್ ನೀರು.
ಕೊಳೆತದ್ದು ಮೇಲಿಂದ ಕಾಣಲಿಲ್ಲ;
ಕಿತ್ತಾಗ ಹೂದಾನಿಯ ಹಳಸಿದ ನೀರಿನ ನಾತ.

ಗುಂಡಿ ತೋಡು, ಅರ್ಧಕ್ಕೆ ಜಲ್ಲಿ ತುಂಬು.
ಆ ಸೇಬಿನ ಮರದ ನೆರಳಿನಿಂದ ಈಚೆಗೆ ಬಾ.
ಮಣ್ಣು ಏರಿಸಿ ನೆಡು, ಪುಟ್ಟ ಗೋರಿಯ ಹಾಗೆ.
ನಗಬೇಡ, ಐವರ್ ಹಾಗೇ ಹೇಳುತ್ತಿದ್ದ.

ಐವರ್ ನನ್ನ ಗಂಡ. ಇಪ್ಸ್‌ವಿಚ್ ಬಸ್ ಡಿಪೋದಲ್ಲಿ
ಮೂವತ್ತೊಂದು ವರ್ಷ ಎಂಜಿನ್ನುಗಳ ಕೆಳಗೆ ಮಲಗಿದವನು.
ಡೀಸೆಲ್ ಅವನ ಚರ್ಮಕ್ಕೇ ಇಳಿದಿತ್ತು,
ಅಲ್ಲಿಂದ ದಿಂಬಿಗೆ, ಬ್ರೆಡ್ಡಿಗೆ.
ನಾನು ಹೂ ಒಣಗಿಸಿ, ಹಳೆ ಪರದೆಯ ಚೂರಲ್ಲಿ ಹೊಲಿದು
ಅವನ ಕಾಲುಚೀಲದ ಡ್ರಾಯರಿಗೆ ಹಾಕುತ್ತಿದ್ದೆ.
ಡಿಪೋದಲ್ಲಿ ‘ಡಚೆಸ್’ ಅಂತ ಅಡ್ಡಹೆಸರು ಬಿತ್ತು.
ಬೈದ. ಆದರೆ ತೆಗೆದು ಎಸೆಯಲಿಲ್ಲ.

ಇಂಗ್ಲಿಷ್ ಲ್ಯಾವೆಂಡರ್ ಅನ್ನುವುದು ಹೆಸರಿಗಷ್ಟೇ.
ಹುಟ್ಟೂರು ಮೆಡಿಟರೇನಿಯನ್ ಕಡೆಯ ಕಲ್ಲುಬೆಟ್ಟ,
ಮೇಕೆಯೂ ಜಾರುವ ಜಾಗ.
ಇಲ್ಲಿಯ ಹಿಮ ತಡೆದುಕೊಂಡಿತಲ್ಲ,
ನಮ್ಮದು ಅಂದುಬಿಟ್ಟೆವು.
ಐವರನ ಅಜ್ಜಿ ಮಾಲ್ಟಾದಿಂದ ಹಡಗಿನಲ್ಲಿ ಬಂದವಳು;
ಅವಳಿಗೆ ಆ ಮಾತು ಅನ್ನಲು ಈ ಬೀದಿ
ನಲವತ್ತು ವರ್ಷ ತಗೊಂಡಿತು.

ಕತ್ತರಿ ಯಾವಾಗ ಅಂತ ಕೇಳಿದೆಯಲ್ಲ.
ಆಗಸ್ಟ್ ಕೊನೆಗೆ, ಜೇನ್ನೊಣ ಬಿಟ್ಟುಕೊಟ್ಟ ಮೇಲೆ.
ಹೆದರದೆ ಕತ್ತರಿಸು, ದುಂಡಗೆ.
ಆದರೆ ಎರಡು ಬೆರಳು ಹಸಿರು ಉಳಿಸು.
ಅದರ ಕೆಳಗಿನದು ಬೂದು ಕಟ್ಟಿಗೆ;
ಅಲ್ಲಿಗೆ ಅಲಗು ಇಳಿದರೆ ಮತ್ತೆ ಚಿಗುರದು.
ಗುಲಾಬಿ ಕ್ಷಮಿಸುತ್ತದೆ. ಇದು ಇಲ್ಲ.

ನಿವೃತ್ತನಾದ ವರ್ಷ, ಒಂದು ಬೆಳಗ್ಗೆ, ನಾನು ಏಳುವ ಮೊದಲೇ
ಐವರ್ ಇಡೀ ಸಾಲನ್ನು ಬುಡಕ್ಕೆ ಸವರಿದ.
ಹನ್ನೊಂದು ಗಿಡ. ದಾರ ಹಿಡಿದು,
ಬಸ್ಸಿನ ಸೀಟುಗಳಷ್ಟು ನೆಟ್ಟಗೆ.
ಒಳಗೆ ಬಂದು ‘ನೋಡು’ ಅಂದ.
ನೋಡಿದೆ.
ಆಮೇಲೆ ಅವನ ಮುಖ ನೋಡಿದೆ,
ಬಾಯಿಗೆ ಬಂದದ್ದನ್ನು ಬಿಸ್ಕತ್ತಿನ ಜೊತೆ ನುಂಗಿದೆ.

ಏಪ್ರಿಲ್ ಬಂತು. ಮೇ ಬಂತು.
ದಿನಾ ಬಗ್ಗಿ, ಉಗುರಿನಿಂದ ತೊಗಟೆ ಕೆರೆಯುತ್ತಿದ್ದ,
ಒಳಗೆ ಹಸಿರಿದೆಯಾ ಅಂತ.
ನಾನು ಅಡುಗೆಮನೆಯ ಕಿಟಕಿಯಲ್ಲಿ, ಕೈಯಲ್ಲಿ ಒದ್ದೆ ತಟ್ಟೆ.
ಹೇಳಬಹುದಿತ್ತು. ಹೇಳಲಿಲ್ಲ.
ಅದು ದಯೆಯೋ ಶಿಕ್ಷೆಯೋ
ಇವತ್ತಿಗೂ ನನಗೆ ಗೊತ್ತಿಲ್ಲ.

ಜೂನ್‌ನಲ್ಲಿ ಅವನೇ ಕಿತ್ತ,
ಕಟ್ಟು ಕಟ್ಟಿ ಶೆಡ್ಡಿನಲ್ಲಿಟ್ಟ.
ಆ ಚಳಿಗಾಲವೆಲ್ಲ ಒಲೆಗೆ ಅದೇ.
ಸತ್ತ ಕಟ್ಟಿಗೆಯಲ್ಲೂ ಅಷ್ಟು ಪರಿಮಳ ಉಳಿದಿರುತ್ತದೆಂದು
ಯಾವ ನರ್ಸರಿಯವನೂ ನನಗೆ ಹೇಳಿರಲಿಲ್ಲ.
ಟಿವಿ ಹಾಕದೆ ಕೂತಿದ್ದೆವು, ಇಬ್ಬರೂ,
ಡೀಸೆಲ್ಲಿನವನು, ನಾನು.

ಸರಿ, ತಗೋ ಈ ಕತ್ತರಿ. ಅವನದು,
ಹಿಡಿ ಸ್ವಲ್ಪ ಸಡಿಲ.
ಮತ್ತೆ ಆ ಲದ್ದಿಯನ್ನು ಈ ಕಡೆ ತಳ್ಳು, ಚೆಲ್ಲಬೇಡ;
ನನ್ನ ಕುಂಬಳ ಬೆಳಗಿನಿಂದ ಕಾಯುತ್ತಿದೆ.