ಮುಂದಿನ ಸಾಲು

ಗುರುವಾರ ರಾತ್ರಿ. ಲಿಂಗರಾಜಪುರದ ಫ್ಲೈಓವರ್ ಪಕ್ಕದ ಓಣಿ,
ಶಾಂತಪ್ಪನ ಟೈಲರ್ ಅಂಗಡಿ, ಷಟರ್ ಅರ್ಧ ಇಳಿದಿದೆ.
ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ಪುಸ್ತಕ,
ಒಂದು ತಮಿಳು, ಒಂದರ ರಟ್ಟು ಕಿತ್ತಿದೆ.

ಬಿಳಿ ಸೂಟಿನವರು ಭಾನುವಾರ ಹೇಳಿದ ವಾಕ್ಯ
ನನ್ನ ಫೋನಿನಲ್ಲಿತ್ತು, ಕೂಗಿನ ಸಮೇತ.
"ಅಧ್ಯಾಯ ಹೇಳು," ಅಂದರು ರಾಹೇಲಮ್ಮ,
ಮೂವತ್ತು ವರ್ಷ ನರ್ಸ್ ಆಗಿದ್ದವರು;
ಡಾಕ್ಟರು ಬರೆದ ಚೀಟಿಯನ್ನೂ
ಎರಡು ಸಲ ಓದದೆ ಸೂಜಿ ಚುಚ್ಚಿದವರಲ್ಲ.

ಹುಡುಕಿದೆವು. ಸಿಕ್ಕಿತು. ಅಕ್ಷರ ಅಕ್ಷರ ಅದೇ.
ಹಾಯೆನಿಸಿತು ನನಗೆ; ಬಳೆ ಬಿಚ್ಚಿ ಕೊಟ್ಟಿದ್ದೆ,
ಒಂದು ಬಾಟಲಿ ಎಣ್ಣೆಗೆ.

"ನಿಲ್ಲಬೇಡ. ಮುಂದಿನ ಸಾಲು."

ಮುಂದಿನ ಸಾಲಿನಲ್ಲಿ ವಿಧವೆಯಿದ್ದಳು, ತಬ್ಬಲಿಗಳಿದ್ದರು,
ಕೊಡಬೇಕಾದದ್ದು ಅವರಿಗೆ.
ಭಾನುವಾರ ಆತ ಉಸಿರಿಗೆಂದು ನಿಂತದ್ದು
ಸರಿಯಾಗಿ ಅದಕ್ಕೂ ಮೊದಲು.

ಯಾರೂ ಏನೂ ಅನ್ನಲಿಲ್ಲ.
ಮೇಲೆ ಲಾರಿ ಹೋಯಿತು, ಬಾಬಿನ್ ಡಬ್ಬಿ ಗಲಗಲ.
ಶಾಂತಪ್ಪ ತನ್ನ ಸೀಮೆಸುಣ್ಣದ ಚೂರು ಚಾಚಿದ.
ಅಂಚಿನಲ್ಲಿ ಗೆರೆ ಎಳೆದೆ,
ಖಾಲಿ ಮಣಿಕಟ್ಟು ಹಾಳೆಗೆ ತಾಗಿತು.

"ಈಗ ನನ್ನನ್ನೂ ಹಿಡೀರಿ," ಅಂದರು ರಾಹೇಲಮ್ಮ,
"ಹೋದ ವಾರ ನಾನು ಹೇಳಿದ್ದು
ಎಲ್ಲಿದೆ, ತೋರಿಸಿ."

ನಾಲ್ಕೂ ಪುಸ್ತಕದ ಹಾಳೆಗಳು ಮತ್ತೆ ಸರಿದವು.