ಬೆಚ್ಚಗಿನ ಕಪಾಟು

ಸ್ವಾನ್ಸಿಯ ಜನವರಿಗೆ ಹಾಲು ಮೊಸರಾಗುವುದಿಲ್ಲ.
ಟವೆಲು ಸುತ್ತಿದೆ, ಓವನ್ನಿನೊಳಗೆ ದೀಪ ಹಚ್ಚಿಟ್ಟೆ.
ಬೆಳಗ್ಗೆ ಮುಚ್ಚಳ ತೆಗೆದರೆ ಅದೇ ಹಾಲು,
ಚೂರು ಹುಳಿ, ಚೂರು ಅವಮಾನ.

"ನಮ್ಮನೆಗೆ ತಾ" ಅಂದಳು ಗೋಡೆಯಾಚೆಯ ನೆರಿಸ್,
ಬಸ್ಸು ಓಡಿಸುವವಳು.
ಅವಳ ಬಾಯ್ಲರಿನ ಪಕ್ಕ ಒಂದು ಕಪಾಟು.
ಗೆಥಿನನ ಕಾಲುಚೀಲ, ಹುಡುಗರ ಯೂನಿಫಾರ್ಮು,
ನಡುವೆ ನನ್ನ ಸ್ಟೀಲಿನ ಡಬ್ಬಿ.
ಮರುದಿನ ಚಾಕುವಿನಲ್ಲಿ ಕೊಯ್ಯುವಂಥ ಮೊಸರು!

ಆ ವರ್ಷವೇ ನನ್ನ ಗರ್ಭಕೋಶ ತೆಗೆದರು.
ಹಾಲೇಶ ಉಳಿದ.
ಆಸ್ಪತ್ರೆಯ ಫ್ರೀಜರಿನಲ್ಲಿ ನಾಲ್ಕು ಚುಕ್ಕೆ ಉಳಿದವು.
ನೆರಿಸ್ ಚಹಾ ಕಲಕುತ್ತ, ಡಬ್ಬಿಯ ಮಾತಿನಷ್ಟೇ ಹಗುರಾಗಿ
"ನನ್ನಲ್ಲಿ ಇಡು" ಅಂದಳು.
ನಾನು ನಕ್ಕೆ. ಅವಳು ನಗಲಿಲ್ಲ.

ದಾವಣಗೆರೆಯಿಂದ ಅತ್ತೆಯ ಫೋನು:
"ಬಾಡಿಗೆ ತಾಯಿಯೇನೇ? ತಿಂಗಳಿಗೆ ಎಷ್ಟಂತೆ?"
ಬಾಡಿಗೆ ಇಲ್ಲಿ ಕೂಡದು ಅತ್ತೆ, ಕಾನೂನು.
ಖರ್ಚಷ್ಟೇ ಕೊಡಬಹುದು, ರಸೀದಿ ಇಟ್ಟು:
ಸಡಿಲ ಸೊಂಟದ ಪ್ಯಾಂಟು ಎರಡು,
ವಾಂತಿಗೆ ಶುಂಠಿ ಬಿಸ್ಕತ್ತು,
ಸ್ಟಿಯರಿಂಗು ಹೊಟ್ಟೆಗೆ ತಗುಲಿದ ಮೇಲೆ
ಹೋದ ಹನ್ನೊಂದು ವಾರದ ಸಂಬಳ.
ಐದರಲ್ಲಿ ಬಯಕೆಯಾಗಿ ನನ್ನ ನಿಂಬೆ ಉಪ್ಪಿನಕಾಯಿ ಬರಣಿ ಬಳಿದು ತಿಂದಳು.
ಅದಕ್ಕೆ ರಸೀದಿ ಇಲ್ಲ.

ಅವಳ ವೆಲ್ಷ್ ಮಾತಿನಲ್ಲಿ ಇಂಥವಳು ಕಡದ ತಾಯಿಯಂತೆ.
ಕಡವಾದರೆ ತೀರಿಸಬೇಕಲ್ಲೇ, ಅಂದೆ.
"ಯಾರು, ಯಾರಿಗೆ?" ಅಂದಳು.
"ನಿಮ್ಮಲ್ಲಿ ಏನಂತೀರಿ?"
ಬಾಡಿಗೆ ಗಂಟಲಿಗೆ ಬಂದು ನಿಂತಿತು.
ಹೊತ್ತ ತಾಯಿ, ಅಂದುಬಿಟ್ಟೆ. ಯಾವ ನಿಘಂಟಿನದೋ.
ಹೊತ್ತು ಅಂದರೆ ಎತ್ತಿಕೊಂಡು ನಡೆದು,
ಹೊತ್ತು ಅಂದರೆ ವೇಳೆ ಕೂಡ, ಅಂತ ಬಿಡಿಸಿ ಹೇಳಿದೆ.
ಬಸ್ಸಿನವಳಿಗೆ ಎರಡೂ ಥಟ್ಟನೆ ತಿಳಿದವು.

ಏಪ್ರಿಲ್ಲಿನ ಒಂದು ನಸುಕಿನಲ್ಲಿ ಮಗಳು.
ಜನನ ಪತ್ರದಲ್ಲಿ ತಾಯಿ ನೆರಿಸ್.
ತಂದೆ ಗೆಥಿನ್. ಕಿವಿ ಕೆಂಪಗೆ ಮಾಡಿಕೊಂಡು ಸಹಿ ಹಾಕಿದ,
ಹಾಲೇಶನಿಗೆ ಮೂರು ಸಲ ಸಾರಿ ಹೇಳಿದ.
ಆರು ವಾರ ತುಂಬುವ ತನಕ
ಅವಳು ಒಪ್ಪಿದರೂ ಒಪ್ಪಿಗೆಯಲ್ಲ.
ಮನಸ್ಸು ಹೊರಳಲಿಕ್ಕೆ ಅಷ್ಟು ಜಾಗ.

ಗೋಡೆಯ ಈಚೆ ನಾನು, ಬಾಟಲಿ ಹಿಡಿದು.
ಆಚೆ ಅವಳು, ತುಂಬಿದ ಎದೆಗೆ
ಕೋಸಿನ ಎಲೆ ಒತ್ತಿಕೊಂಡು.
ರಾತ್ರಿ ಮಗು ಅತ್ತರೆ
ಎರಡೂ ಮನೆಯಲ್ಲಿ ದೀಪ.

ಅಂಟಿನುಂಡೆ ಕಟ್ಟಿ ಒಯ್ದೆ.
"ಇದೇಕೆ?"
ಹೆತ್ತವರು ತಿನ್ನಬೇಕು.
ಹೇಳಿದ ಮೇಲೆ ನನಗೇ ಕೇಳಿಸಿತು.
ಕಿಟಕಿಯತ್ತ ತಿರುಗಿ ತಿಂದಳು,
ಜಗಿದಳೋ ಅತ್ತಳೋ.

ಇಸಿದುಕೊಂಡ ಪಾತ್ರೆ ಬರಿದಾಗಿ ಹಿಂದಿರುಗಿಸಬಾರದು
ಅಂತ ಎಂದೋ ಹೇಳಿದ್ದೆ, ಮೊಸರಿನ ದಿನಗಳಲ್ಲಿ.
ನಲವತ್ತಮೂರನೆಯ ದಿನ ಬಾಗಿಲಲ್ಲಿ ಅದೇ ಡಬ್ಬಿ:
ಒಳಗೆ ಮಡಿಸಿದ ಒಪ್ಪಿಗೆ ಪತ್ರ,
ಮೇಲೆ ಒಂದು ಹಿಡಿ ಸಕ್ಕರೆ.

ಕೋರ್ಟಿನ ಗುಮಾಸ್ತೆ ಕಾಗದ ಬಿಡಿಸಿದಳು,
ಮೇಜಿನ ಮೇಲೆ ಉದುರಿದ್ದನ್ನು ನೋಡಿದಳು,
ಏನೂ ಕೇಳದೆ
ಬೆರಳು ಒರೆಸಿಕೊಂಡು ಮೊಹರು ಒತ್ತಿದಳು.