ಹತ್ತು ನಿಮಿಷದ ಓಟ

ಎಂಜಿನ್ ಹೊತ್ತಿಕೊಂಡಿತು, ಅದರ ಮೇಲೆ ದೂರಿಲ್ಲ.
ಗ್ಲೋ ಪ್ಲಗ್ಗಿನ ದೀಪ ಆರುವ ತನಕ ಕಾದೆ,
ಕೀಲಿ ತಿರುಗಿಸಿದೆ, ಕೆಮ್ಮಿತು, ಬಿಳಿ ಹೊಗೆ ಉಗುಳಿತು,
ಆಮೇಲೆ ಒಂದೇ ಸಮನೆ ಗುಡುಗುಡು.
ಪೆಡಲ್ ಒತ್ತಿದರೆ ಮಾತ್ರ
ಹೊಟ್ಟೆಯೊಳಗಿಂದ ಒಂದು ಕೀರಲು ರಾಗ.
ಚಕ್ರ ಅಲ್ಲಾಡಲಿಲ್ಲ.

ಮೈನಸ್ ಮೂವತ್ತೊಂದು. ಒಂಟಾರಿಯೊದ ಈ ಉತ್ತರದಲ್ಲಿ
ಸ್ಪ್ರೂಸ್ ಮರಗಳು ರಾತ್ರಿಯೆಲ್ಲ ಪಟಾರನೆ ಸಿಡಿಯುವ ಚಳಿ.
ಮೂಗಿನ ಕೂದಲೂ ಸೂಜಿಯಾಗುವ ಹೊತ್ತಲ್ಲಿ
ಯಂತ್ರವನ್ನು ಬೈಯಬಾರದು, ಅಂತಿದ್ದಳು ಅಮ್ಮ, ಫಿನ್ನಿಷ್‌ನಲ್ಲಿ.
ನಾನು ಎರಡು ಭಾಷೆಯಲ್ಲೂ ಬೈದೆ.

ಪಾರ್ಕಿಂಗ್ ಬ್ರೇಕು ಬಿಟ್ಟೇ ಇದೆ.
ರೇಂಜಿನ ಲಿವರು ಕೂತಲ್ಲಿ ಕೂತಿದೆ, ನಡುವೆ ತೂಗಾಡುತ್ತಿಲ್ಲ.
ಹಿಂದಿನ ಟೈರು ನೆಲಕ್ಕೆ ಹೆಪ್ಪುಗಟ್ಟಿದೆಯೇನೋ ಎಂದು
ಹಾರೆ ಕೊಟ್ಟು ಮೀಟಿದೆ;
ಎರಡು ಚಿಪ್ಪು ಮಂಜುಗಡ್ಡೆ ಎದ್ದವು, ಅಷ್ಟೆ.
ಕೊನೆಗೆ ಅಳತೆಕಡ್ಡಿ ಎಳೆದೆ,
ಇಷ್ಟು ಹೊತ್ತೂ ಬೇಕೆಂದೇ ಮುಂದೂಡಿದ್ದನ್ನು.
ಜೇನಿನ ಬಣ್ಣ ಇರಬೇಕಾದ ಎಣ್ಣೆ
ಕಡೆದು ಮರೆತ ಮಜ್ಜಿಗೆಯ ಹಾಗೆ ಬೆಳ್ಳಗೆ.

ನೀರು.

ರಸ್ತೆಯಾಚೆಯಿಂದ ಲುಸಿಯನ್ ಬಂದ. ಕರೆದಿರಲಿಲ್ಲ.
ಹೋದ ಮಾರ್ಚಿನಿಂದ ನಮ್ಮಿಬ್ಬರ ನಡುವೆ
ದೂರದಿಂದ ಕೈ ಎತ್ತುವಷ್ಟು ಮಾತ್ರ ಬಳಕೆ;
ನನ್ನ ಬ್ಲೇಡು ತಳ್ಳಿದ ಹಿಮ ಅವನ ಅಂಚೆಡಬ್ಬಿಯನ್ನು ನುಂಗಿತ್ತು,
ನಾನು ‘ಗಾಳಿ’ ಎಂದಿದ್ದೆ.
“ಆ ಕೀರಲು ನನ್ನ ಅಡುಗೆಮನೆಗೂ ಕೇಳ್ತಿದೆ” ಅಂದ.
ಕವಚಕ್ಕೆ ಕಿವಿಯಿಡಲು ಬಗ್ಗಿ, ನೆನಪಾಗಿ,
ಉಣ್ಣೆಯ ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಂಡ.
ಈ ಚಳಿಯಲ್ಲಿ ಕಬ್ಬಿಣ
ಮುಟ್ಟಿದ ಚರ್ಮವನ್ನು ಸುಮ್ಮನೆ ಬಿಡುವುದಿಲ್ಲ.

ಎಂಜಿನ್ ಆರಿಸಿ, ಟಾರ್ಪಾಲಿನ ಗುಡಾರ ಕಟ್ಟಿ,
ಎರಡು ಗಂಟೆ ಹೀಟರ್ ಊದಿಸಿದೆವು.
ಬಿರಡೆ ಬಿಚ್ಚಿದರೆ ಏನೂ ಬರಲಿಲ್ಲ.
ತಂತಿ ತೂರಿಸಿ ಕೆದಕಿದೆ.
ಬೆರಳುದ್ದದ ಮಂಜಿನ ಗೂಟವೊಂದು ಜಾರಿತು,
ಅದರ ಬೆನ್ನಿಗೆ ಎಣ್ಣೆ, ಗೊಣಗುತ್ತ, ಗಡ್ಡೆಗಡ್ಡೆಯಾಗಿ.
ಫಿಲ್ಟರ್ ಸೀಳಿ ನೋಡಿದರೆ
ಮಡಿಕೆ ಮಡಿಕೆಯಲ್ಲೂ ಹರಳು, ಯಾರೋ ಸಕ್ಕರೆ ಬಚ್ಚಿಟ್ಟಂತೆ.
ಪಂಪು ಹೀರುವುದಾದರೂ ಏನನ್ನು?

“ದಿನಾ ಎಷ್ಟು ಹೊತ್ತು ಓಡಿಸ್ತೀಯ, ಇರ್ಯಾ?”
“ಹತ್ತು ನಿಮಿಷ. ಬಾಗಿಲಿಂದ ರಸ್ತೆಗೆ. ಅಷ್ಟೇ ತಾನೆ ನನ್ನದು.”
“ಅದೇ ರೋಗ” ಅಂದ.
“ಒಳಗೆ ಕಬ್ಬಿಣ ಬೆವರುತ್ತೆ,
ಬೆವರು ಒಣಗೋ ಮೊದಲೇ ನೀನು ಆರಿಸ್ತೀಯ.
ದಿನಕ್ಕೊಂದು ಹನಿ.
ಎರಡು ಚಳಿಗಾಲ ಕಳೆದರೆ ಬಾವಿ.”
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ
ಇದು ಗೊತ್ತಿರಬೇಕಿತ್ತು.
ಗೊತ್ತಿತ್ತು ಅಂತಲೂ ಕಾಣುತ್ತೆ.

ಹೊಸ ಎಣ್ಣೆಯ ಡಬ್ಬ, ಚಳಿಗೆಂದೇ ಮಾಡಿದ ತೆಳ್ಳನೆಯದು,
ರಾತ್ರಿಯಿಡೀ ಒಲೆಯ ಪಕ್ಕ ಮಲಗಿತು,
ಉಬ್ಬಲೆಂದು ಇಟ್ಟ ರೈ ಹಿಟ್ಟಿನ ಜೊತೆ.
ಬೆಳಗ್ಗೆ ಸುರಿದರೆ ಸದ್ದಿಲ್ಲದೆ ಇಳಿಯಿತು.
ಎಂಜಿನ್ನನ್ನು ಕಾಲು ಗಂಟೆ ಸುಮ್ಮನೆ ಬಿಟ್ಟೆ.
ಪೆಡಲ್ ಒತ್ತಿದೆ. ಯೋಚಿಸಿತು.
ಅಂಗೈ ಅಗಲ.
ಆಮೇಲೆ ಮೊಳ.
ಆಮೇಲೆ, ನಾನೇ ಹೆದರಿ ಕಾಲೆತ್ತುವಷ್ಟು.

ಪೂರ್ತಿ ಬಿಸಿಯಾಗಲು ಒಂದು ಗಂಟೆ ಬೇಕಂತೆ.
ನನ್ನ ದಾರಿ ಹತ್ತೇ ನಿಮಿಷದ್ದು.
ಹಾಗಾಗಿ ಲುಸಿಯನ್‌ನ ಅಂಗಳ,
ಅಂಚೆಡಬ್ಬಿಯ ಸುತ್ತ ಬ್ಲೇಡು ಓರೆ ಮಾಡಿ, ಬೆಕ್ಕಿನ ಹೆಜ್ಜೆಯಲ್ಲಿ;
ಆಮೇಲೆ ಆಚೆಯ ಬಾಡಿಗೆಮನೆ, ಯಾರಿದ್ದಾರೋ ಗೊತ್ತಿಲ್ಲ,
ಕಿಟಕಿಯಲ್ಲಿ ಒಂದು ಮಗು
ಚಮಚ ಬಾಯಲ್ಲೇ ಇಟ್ಟುಕೊಂಡು ನೋಡುತ್ತಿತ್ತು;
ಆಮೇಲೆ ಕೆರೆಯ ತನಕದ ದಾರಿ,
ಜನವರಿಯಲ್ಲಿ ಯಾರಿಗೂ ಬೇಡದ್ದು.

ತಿರುಗಿ ಬಂದು ಇಳಿದೆ. ಕೈಗವಸು ತೆಗೆದು
ಕವಚದ ಮೇಲೆ ಅಂಗೈ ಇಟ್ಟೆ.
ಅಪ್ಪನ ಕೊಟ್ಟಿಗೆಯಲ್ಲಿ ಈಗಷ್ಟೇ ಎದ್ದು ನಿಂತ
ಹಸುವಿನ ಹೊಟ್ಟೆಯಷ್ಟು ಬೆಚ್ಚಗೆ.

“ಸಾಲದು” ಅಂದ ಲುಸಿಯನ್,
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.
“ಇನ್ನೊಂದು ಸುತ್ತು.”